ಆಸ್ಯುಮ್ಮನ ಕುಪ್ಪಾಯ

ಲಾವಂಚದ ಬೇರು, ಲವಂಗ, ಬಹಳ ಕಾಲ ಮುಚ್ಚಿಟ್ಟ ತಗಡಿನ ಪೆಟ್ಟಿಗೆ. ಈ ಮೂರೂ ಸೇರಿದ ವಾಸನೆ ಎಲ್ಲಿಂದಾದರೂ ಬಂದರೆ ಸಾಕು, ಪೆರಾಬೆಯ ನಮ್ಮ ಹಳೆಯ ಮನೆಯ ಒಳಕೋಣೆಯಲ್ಲಿ ಚಾಪೆಯ ಅಂಚಿಗೆ ಕುಳಿತ ಎಂಟು ವರ್ಷದ ಹುಡುಗಿಯಾಗಿಬಿಡುತ್ತೇನೆ. ಮಳೆಗಾಲ ಕಳೆದು ಗೋಡೆಗಳು ಒಣಗಿದ ಮೇಲೆ ಆಸ್ಯುಮ್ಮ ವರ್ಷಕ್ಕೊಮ್ಮೆ ಪೆಟ್ಟಿಗೆ ತೆರೆಯುತ್ತಿದ್ದರು. ಅವರು ನನ್ನ ಅಜ್ಜಿಯ ತಂಗಿ. ಮದುವೆಯಾದ ಮೂರನೆಯ ವರ್ಷಕ್ಕೇ ಗಂಡ ತೀರಿಕೊಂಡು ತವರಿಗೆ ಮರಳಿದವರು, ಆಮೇಲೆ ಸೂಜಿಯನ್ನೇ ಜೊತೆಗಿಟ್ಟುಕೊಂಡರು. ನಮ್ಮ ಬ್ಯಾರಿ ಹೆಂಗಸರು ಹಿಂದೆ ತೊಡುತ್ತಿದ್ದ ಉದ್ದ ತೋಳಿನ ರವಿಕೆಗೆ ಕುಪ್ಪಾಯ ಎನ್ನುತ್ತಾರೆ. ಸುತ್ತಲಿನ ಮನೆಗಳ ಮದುಮಗಳಂದಿರ ಕುಪ್ಪಾಯವನ್ನೆಲ್ಲ ಅವರೇ ಕೈಯಲ್ಲಿ ಹೊಲಿದು ಕೊಡುತ್ತಿದ್ದರು. ಪೆಟ್ಟಿಗೆಯೊಳಗೆ ಇದ್ದದ್ದು ಅವರದೇ ಮದುವೆಯದು, ಕಡುಗೆಂಪು ರೇಶ್ಮೆ. ಅದನ್ನು ಬಿಸಿಲಿಗೆ ಹಾಕುವಂತಿರಲಿಲ್ಲ. ಕೈ ತೊಳೆದು, ಒಣಬಟ್ಟೆಯಲ್ಲಿ ಬೆರಳ ಸಂದಿಯವರೆಗೆ ಒರೆಸಿಕೊಂಡು, ನೆರಳಿನಲ್ಲಿ ಹರಡಿ, ಸಂಜೆ ಮಡಚುವಾಗ ಹಿಂದಿನ ವರ್ಷದ ಮಡಿಕೆಯನ್ನು ಬಿಟ್ಟು ಬೇರೆ ಜಾಗದಲ್ಲಿ ಮಡಚುತ್ತಿದ್ದರು. ಒಂದೇ ಕಡೆ ಮಡಚಿದರೆ ಬಟ್ಟೆ ಅಲ್ಲೇ ಮುರಿಯುತ್ತದಂತೆ. ಬಟ್ಟೆ ಮುರಿಯುವುದೆಂದರೇನು ಎಂದು ಆಗ ನನಗೆ ತಿಳಿದಿರಲಿಲ್ಲ.

ಆ ಮನೆಯಲ್ಲಿ ಆಗ ಹದಿನಾಲ್ಕು ಜನ. ಮಧ್ಯಾಹ್ನ ಅಡುಗೆಮನೆಯ ಸದ್ದು ತಗ್ಗಿದ ಮೇಲೆ ಆಸ್ಯುಮ್ಮ ಕಿಟಕಿಯ ಬೆಳಕಿಗೆ ಸರಿದು ಹೊಲಿಗೆಗೆ ಕೂರುತ್ತಿದ್ದರು. ಸೂಜಿಗೆ ನೂಲು ಪೋಣಿಸುವ ಕೆಲಸ ನನ್ನದು. ಅವರಿಗೆ ಅಳತೆಯ ಟೇಪು ಬೇಕಿರಲಿಲ್ಲ, ಗೇಣು ಮತ್ತು ಬೆರಳು ಸಾಕಾಗುತ್ತಿತ್ತು. ಕುಪ್ಪಾಯದ ಕಂಕುಳಿನಲ್ಲಿ ಒಂದು ಸಣ್ಣ ಬಟ್ಟೆಯ ತುಂಡು ಕೂರಿಸುತ್ತಿದ್ದರು. ಅದರಿಂದಾಗಿ, ಅಷ್ಟು ಬಿಗಿಯಾದ ತೋಳಿದ್ದರೂ ಹೆಂಗಸರು ಕೈ ಎತ್ತಿ ಭತ್ತ ಕುಟ್ಟಬಹುದಿತ್ತು, ಬಾವಿಯಿಂದ ನೀರು ಸೇದಬಹುದಿತ್ತು. ಹೊರಗೆ ಒಂದು ಹೊಲಿಗೆಯೂ ಕಾಣುತ್ತಿರಲಿಲ್ಲ, ಒಳಗೆ ಅಸ್ತರಿ, ಅಂದರೆ ಒಳಪದರ, ಅದನ್ನು ಮುಚ್ಚಿರುತ್ತಿತ್ತು. ಅದನ್ನು ಕೂರಿಸುವಾಗಲೆಲ್ಲ ನನ್ನನ್ನು ಕರೆಯುತ್ತಿದ್ದರು. "ಇಲ್ಲಿ ಬಾ, ಇದೊಂದು ನೋಡಿಕೋ. ಬಾಕಿ ಎಲ್ಲ ಯಾರು ಬೇಕಾದ್ರೂ ಹೊಲಿತಾರೆ." ನಾನು ಹೋಗುತ್ತಿರಲಿಲ್ಲ. ಆ ವರ್ಷ ನನ್ನ ಮಾವ ಗಲ್ಫಿನಿಂದ ಹೊಲಿಗೆ ಮೆಷಿನ್ ತಂದಿದ್ದರು. ಜಗಲಿಯಲ್ಲಿ ಅದರ ಚಕ್ರ ತಿರುಗಿಸುವುದರ ಮುಂದೆ ಆಸ್ಯುಮ್ಮನ ಕಂಕುಳ ತುಂಡು ನನಗೆ ಏನೂ ಅನ್ನಿಸಿರಲಿಲ್ಲ.

ಮುಂದಿನದು ನಿಮ್ಮ ಮನೆಗಳಲ್ಲೂ ನಡೆದದ್ದೇ. ಸೊಸೆಯಂದಿರು ಸೀರೆಯಲ್ಲಿ ಬಂದರು, ಅವರ ಮಕ್ಕಳು ಚೂಡಿದಾರದಲ್ಲಿ ಬೆಳೆದರು. ಕುಪ್ಪಾಯ ಹೊಲಿಸಲು ಬರುವವರು ಕಡಿಮೆಯಾಗಿ, ಒಂದು ವರ್ಷ ಯಾರೂ ಬರಲಿಲ್ಲ. ಪೆರಾಬೆಯ ಮನೆ ಪಾಲಾಗಿ, ಕೆಡವಲ್ಪಟ್ಟು, ಆಸ್ಯುಮ್ಮ ತಗಡಿನ ಪೆಟ್ಟಿಗೆಯೊಂದಿಗೆ ಪುತ್ತೂರಿಗೆ ನನ್ನ ತಾಯಿಯ ಮನೆಗೆ ಬಂದರು. ನಾನು ಅದೇ ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಹಾಕಿದೆ. ಮೂರು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದೇ ಶಬ್ದ, 'ಉಂಡು'. ನಮ್ಮ ಭಾಷೆಯಲ್ಲಿ ಹಾಗೆಂದರೆ ಉಂಟು. ಹಸಿವಿದೆಯೇ ಎಂದರೂ ಉಂಡು, ಹಸಿವಿಲ್ಲವೇ ಎಂದರೂ ಉಂಡು.

ಅದೇ ವರ್ಷ ಸುಳ್ಯದ ಒಂದು ಕಾಲೇಜಿನ ಅಧ್ಯಾಪಕಿಯೊಬ್ಬರು ನನ್ನ ಅಂಗಡಿಗೆ ಬಂದು, ಕಾಲೇಜಿನ ಕಾರ್ಯಕ್ರಮಕ್ಕಾಗಿ ಹಳೆಯ ಕಾಲದ ಬ್ಯಾರಿ ಮದುಮಗಳ ಉಡುಪನ್ನು ಇದ್ದ ಹಾಗೆಯೇ ಹೊಲಿದು ಕೊಡಲು ಕೇಳಿಕೊಂಡರು. ನಾನು ಸಂತೋಷದಿಂದ ಒಪ್ಪಿದೆ. ಆಸ್ಯುಮ್ಮನದನ್ನು ಬಿಚ್ಚಿ ನೋಡಲು ಮನಸ್ಸಾಗದೆ, ಬೇರೆ ಮಾದರಿ ಹುಡುಕಿಕೊಂಡು ಪಂಜಕ್ಕೆ ಹೋದೆ, ಮರ್ಕಂಜಕ್ಕೆ ಹೋದೆ. ಒಂದು ಮನೆಯಲ್ಲಿ ಕುಪ್ಪಾಯವನ್ನು ಮಗುವಿನ ಹಾಸಿಗೆಗೆ ಕತ್ತರಿಸಿದ್ದರು. ಇನ್ನೊಂದರಲ್ಲಿ ಫೋಟೊ ಮಾತ್ರ ಇತ್ತು, ಅದರಲ್ಲಿ ಮದುಮಗಳು ಕೈ ಮಡಿಲಲ್ಲಿಟ್ಟು ಕೂತಿದ್ದಳು. ಕೊನೆಗೆ ನೆನಪಿನಿಂದಲೇ ಹತ್ತಿಬಟ್ಟೆಯಲ್ಲಿ ಹೊಲಿದು ನೋಡಿದೆ. ಕಂಕುಳ ತುಂಡನ್ನು ಚೌಕವಾಗಿ, ಓರೆಯಾಗಿ, ಎಲೆಯ ಆಕಾರದಲ್ಲಿ, ಹೀಗೆ ಏಳು ಸಲ ಕತ್ತರಿಸಿದೆ. ಪ್ರತಿಸಲವೂ ಒಯ್ದು ಆಸ್ಯುಮ್ಮನ ಮಡಿಲಲ್ಲಿಟ್ಟೆ. ಅವರು ಎಡಗೈ ಬೆರಳನ್ನು ನೇರವಾಗಿ ಕಂಕುಳಿಗೇ ತೂರಿಸಿ, ಒತ್ತಿ ನೋಡಿ, ಬದಿಗೆ ಸರಿಸುತ್ತಿದ್ದರು. ತಪ್ಪು ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಹೇಳುವ ದಾರಿಯಿರಲಿಲ್ಲ.

ಇನ್ನು ಉಳಿದದ್ದು ಅವರದೇ ರೇಶ್ಮೆಯ ಕುಪ್ಪಾಯ. ಕಂಕುಳಿನ ನಾಲ್ಕು ಹೊಲಿಗೆ ಬಿಚ್ಚಿ ಅಸ್ತರಿ ಎತ್ತಿದರೆ ಗುಟ್ಟು ಸಿಗುತ್ತಿತ್ತು. ಒಂದು ಬೆಳಿಗ್ಗೆ ಅದನ್ನು ಅವರ ಹಾಸಿಗೆಯ ಮೇಲೆ ಹರಡಿ, ಸಣ್ಣ ಕತ್ತರಿ ಹಿಡಿದು ಕೇಳಿದೆ.

"ಬಿಚ್ಚಲಾ ಆಸ್ಯುಮ್ಮಾ?"

"ಉಂಡು."

"ಬೇಡವಾ?"

"ಉಂಡು," ಎಂದರು, ಅದೇ ದನಿಯಲ್ಲಿ.

ಮುಖ ನೋಡಿದೆ. ಅವರ ಕಣ್ಣು ಕುಪ್ಪಾಯದ ಮೇಲೆಯೇ ಇತ್ತು. ನನ್ನ ತಾಯಿ ಬಾಗಿಲಲ್ಲಿ ನಿಂತಿದ್ದರು. "ಈಗ ನೋಡದಿದ್ರೆ ಇನ್ನು ಯಾವಾಗ ನೋಡುದು?" ಎಂದರು. ನಾನು ಒಂದು ಹೊಲಿಗೆ ಕತ್ತರಿಸಿದೆ, ಎರಡು ಕತ್ತರಿಸಿದೆ. ಮೂರನೆಯದಕ್ಕೆ ಕತ್ತರಿಯ ಮೊನೆ ತಾಗಿತೋ ಇಲ್ಲವೋ, ರೇಶ್ಮೆ ತನ್ನಷ್ಟಕ್ಕೇ ಸೀಳಿತು. ಕಂಕುಳಿಂದ ಹೊರಟ ಸೀಳು ಮೊಣಕೈ ದಾಟಿ ಮಣಿಕಟ್ಟಿನವರೆಗೆ ಓಡಿತು. ಒಣಗಿದ ಎಲೆಯ ಮೇಲೆ ಕಾಲಿಟ್ಟಷ್ಟೇ ಸದ್ದು. ಒಳಗಿನ ತುಂಡು ನನ್ನ ಬೆರಳಲ್ಲಿ ಪುಡಿಯಾಗಿ ಕೆಂಪು ಧೂಳಿನಂತೆ ಹಾಸಿಗೆಗೆ ಬಿತ್ತು. ಅದು ಯಾವ ಆಕಾರದಲ್ಲಿತ್ತೆಂದು ನನಗೆ ಕಾಣಲೇ ಇಲ್ಲ. ಇನ್ನೊಂದು ತೋಳಿನದನ್ನು ಮುಟ್ಟಲು ಧೈರ್ಯವಾಗಲಿಲ್ಲ.

ಆಸ್ಯುಮ್ಮ ಅಳಲಿಲ್ಲ. ಎಡಗೈ ಚಾಚಿ, ಸೀಳಿದ ಎರಡು ಅಂಚುಗಳನ್ನು ಮೆಲ್ಲನೆ ಹತ್ತಿರ ತಂದು, ಹೊಲಿಯುವ ಮೊದಲು ಹಿಡಿಯುವ ಹಾಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಸೂಜಿಗಾಗಿ ಕಾಯುತ್ತಿದ್ದರೋ ಏನೋ. ನಾನು ಸೂಜಿ ಕೊಡಲಿಲ್ಲ, ಆ ಬಟ್ಟೆ ಸೂಜಿಯನ್ನು ತಡೆಯುತ್ತಿರಲಿಲ್ಲ. ಅವರ ಬೆರಳು ಸೋತು ಸಡಿಲವಾಗುವವರೆಗೆ ಪಕ್ಕದಲ್ಲಿ ಕುಳಿತೇ ಇದ್ದೆ.

ಕಾಲೇಜಿಗೆ, ಆಮೇಲೆ ಅಂದಾಜಿನಲ್ಲೇ ಎಂಟನೆಯ ಸಲ ಹೊಲಿದದ್ದನ್ನು ಕೊಟ್ಟೆ. ಎಲ್ಲರೂ ಹೊಗಳಿದರು. ತೊಟ್ಟ ಹುಡುಗಿ ಮಾತ್ರ ವೇದಿಕೆ ಹತ್ತುವ ಮೊದಲು, "ಅಕ್ಕ, ಕೈ ಎತ್ತಲಿಕ್ಕೆ ಆಗುದಿಲ್ಲ," ಎಂದಳು. ಎತ್ತಬೇಡ, ಕೆಳಗೇ ಇಟ್ಟುಕೋ ಎಂದು ಹೇಳಿ ಕಳಿಸಿದೆ.

ಹೋದ ವರ್ಷ ಒಂದು ಶುಕ್ರವಾರ ಬೆಳಿಗ್ಗೆ ಆಸ್ಯುಮ್ಮ ತೀರಿಕೊಂಡರು. ಸ್ನಾನ ಮಾಡಿಸಿದ ಮೇಲೆ ಹೊದಿಸುವ ಬಿಳಿ ಬಟ್ಟೆ, ನಮ್ಮಲ್ಲಿ ಕಫನ್ ಎನ್ನುವುದು, ಅದನ್ನು ಕತ್ತರಿಸಲು ಹಿರಿಯ ಹೆಂಗಸರು ನನಗೇ ಹೇಳಿದರು, ಟೈಲರ್ ಅಲ್ಲವೇ ಎಂದು. ಅದರಲ್ಲಿ ಒಂದು ಅಂಗಿಯೂ ಇರುತ್ತದೆ. ಬಟ್ಟೆ ಮಡಚಿ ಕೊರಳಿಗೆ ಒಂದು ಸೀಳು ಕೊಟ್ಟರೆ ಮುಗಿಯಿತು. ಸೀಳು ಕೊಟ್ಟೆ. ಆಮೇಲೆ ಏನು ಯೋಚಿಸಿದೆನೋ, ನನ್ನ ಕೈ ಸೂಜಿ ಹುಡುಕುತ್ತಿತ್ತು, ಕಂಕುಳಿನ ಜಾಗವನ್ನು ಗೇಣಿನಲ್ಲಿ ಅಳೆಯುತ್ತಿತ್ತು. ಪಕ್ಕದ ಮನೆಯ ಮುದುಕಿ ನನ್ನ ಮಣಿಕಟ್ಟು ಹಿಡಿದರು.

"ಸಾಕು ಮಗಾ, ಇದಕ್ಕೆ ಹೊಲಿಗೆ ಇಲ್ಲ," ಎಂದರು.

ಬಟ್ಟೆಯನ್ನು ಅವರ ಕೈಗೆ ಕೊಟ್ಟು, ಗೋಡೆಯ ಬದಿಗೆ ಸರಿದು ನಿಂತೆ.