ಕೇಳಿಸದೆ ಅಂದ ‘ಹೂಂ’

ಮೂಡಲಗಿಯಿಂದ ಅರಭಾವಿಯ ತೋಟಗಾರಿಕೆ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಗುಮಾಸ್ತೆ ನಾನು. ಮೂರು ವರ್ಷ ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ಅಕ್ಕ ಕೂರುತ್ತಿದ್ದರು. ಅದೇ ಕಾಲೇಜಿನ ನರ್ಸರಿಯಲ್ಲಿ ಮಾವಿನ ಸಸಿಗೆ ಕಸಿ ಕಟ್ಟುವವರು. ಬಸ್ಸು ಹೊರಟರೆ ಅವರ ಮಾತು ಶುರು: ಮಗಳ ಬಸಿರು, ಎಮ್ಮೆಯ ಹಟ, ಕಬ್ಬಿನ ಲಾರಿಯ ಮೇಲೆ ಹೋದ ಗಂಡ ಊಟ ಮಾಡಿದನೋ ಇಲ್ಲವೋ. ಇಡೀ ದಿನ ಆಫೀಸಿನ ಕೌಂಟರ್ ಕಿಟಕಿಯಲ್ಲಿ ಜನರ ಮಾತು ಕೇಳುವ ನನಗೆ ಆ ಮುಕ್ಕಾಲು ತಾಸಾದರೂ ಸುಮ್ಮನೆ ಹಾಡು ಕೇಳಬೇಕು ಅನಿಸುತ್ತಿತ್ತು.

ಗೋಕಾಕದ ಅಂಗಡಿಯವನು ಮೂರು ಹೆಡ್‌ಫೋನ್ ಮುಂದಿಟ್ಟ. ಮೊದಲನೆಯದು ಹಗುರ, ಆದರೆ ರಸ್ತೆಯ ಹಾರ್ನ್ ಒಳಗೆ ಬರುತ್ತಿತ್ತು. ಎರಡನೆಯದು ಕಿವಿ ಒತ್ತುತ್ತಿತ್ತು. ಮೂರನೆಯದನ್ನು ಹಾಕಿಕೊಂಡೆ, ಹೊರಗೆ ಹೋಗುತ್ತಿದ್ದ ಟ್ರ್ಯಾಕ್ಟರ್ ಸದ್ದಿಲ್ಲದೆ ದಾಟಿಹೋಯಿತು. ತೆಗೆದಾಗ ಅವನು ನಗುತ್ತಿದ್ದ.

“ಬಾಜೂದವ್ರು ಒದರಿದ್ರೂ ಕೇಳಂಗಿಲ್ಲ ನೋಡ್ರಿ. ಮಾತು ಕೇಳಬೇಕಂದ್ರ ಈ ಬಟನ್ ಒತ್ರಿ.”

ಅದನ್ನೇ ಕೊಂಡೆ. ಬಟನ್ ಮಾತ್ರ ಎಂದೂ ಒತ್ತಲಿಲ್ಲ.

ಮೊದಮೊದಲು ಅಕ್ಕ ತೋಳು ತಟ್ಟುತ್ತಿದ್ದರು. ನಾನು ಒಂದು ಕಿವಿ ಬಿಡಿಸಿ ಉತ್ತರ ಕೊಡುತ್ತಿದ್ದೆ. ಬರಬರುತ್ತ ಅದೂ ಬೇಸರವಾಗಿ, ಅವರ ತುಟಿ ನಿಂತಾಗ ನಕ್ಕು ‘ಹೂಂ’ ಅನ್ನುವುದನ್ನು ರೂಢಿ ಮಾಡಿಕೊಂಡೆ.

ಒಂದು ಬುಧವಾರ ಅವರು ನನ್ನ ಮುಂಗೈ ಹಿಡಿದು ತುಸು ಹೆಚ್ಚೇ ಹೊತ್ತು ಮಾತಾಡಿದರು. ಹಾಡು ಅರ್ಧಕ್ಕೆ ಬಂದಿತ್ತು. ‘ಹೂಂ’ ಅಂದೆ. ಅವರು ಕೈ ಒತ್ತಿ ಬಿಟ್ಟರು. ಅರಭಾವಿಯವರೆಗೆ ಮತ್ತೆ ಮಾತಿಲ್ಲ, ನನಗೆ ಹಾಯೆನಿಸಿತು.

ಶುಕ್ರವಾರ ಅವರು ಬಸ್ಸಿಗೆ ಬರಲಿಲ್ಲ. ಶನಿವಾರ ಬಂದವರು ಮುಂದಿನ ಸೀಟಿನಲ್ಲಿ ಕೂತರು. ಮಧ್ಯಾಹ್ನ ನರ್ಸರಿಗೆ ಹೋದೆ.

“ಯಾಕ್ರಿ ಅಕ್ಕಾರ, ನಿನ್ನೆ ಬರ್ಲಿಲ್ಲಲ್ಲ?”

ಅವರು ಕಸಿಗೆ ಪ್ಲಾಸ್ಟಿಕ್ ಪಟ್ಟಿ ಸುತ್ತುವುದನ್ನು ನಿಲ್ಲಿಸಲಿಲ್ಲ. “ಗೋಕಾಕದಾಗ ನನ್ನ ಕಣ್ಣಿನ ಆಪರೇಷನ್ ಇತ್ತಲ್ರಿ. ಜೋಡಿ ಯಾರರೆ ಬರಬೇಕು ಅಂತ ಡಾಕ್ಟರು ಅಂದಿದ್ರು. ನಾ ಮೊದಲನೇ ಬಸ್ಸಿಗೆ ಹೋಗಿರ್ತೀನಿ, ನೀವು ಹಿಂದಿಂದ ಬರ್ರಿ ಅಂದ್ರ ಹೂಂ ಅಂದ್ರಿ. ದವಾಖಾನಿ ಮುಂದ ಕುಂತೇ ಕುಂತೆ. ಯಾರೂ ಇಲ್ಲಂತ ವಾಪಸ್ ಕಳಿಸಿದ್ರು.”

“ಫೋನ್ ಮಾಡಬಾರದಿತ್ತೇನ್ರಿ?”

“ಎರಡು ಸಲ ಮಾಡಿದ್ನಿ.”

ನೆನಪಾಯಿತು. ಹೆಸರಿಲ್ಲದ ನಂಬರೆಂದು ಎರಡೂ ಸಲ ಕಟ್ ಮಾಡಿದ್ದೆ. ಮೂರು ವರ್ಷದ ಒಡನಾಟದಲ್ಲಿ ಅವರ ನಂಬರನ್ನು ನಾನು ಬರೆದಿಟ್ಟುಕೊಂಡಿರಲೇ ಇಲ್ಲ.

“ಖರೇನ ನನಗ ಕೇಳಿಸಿರ್ಲಿಲ್ರಿ ಅಕ್ಕಾರ.”

“ಹಂಗಾರ ಹೂಂ ಯಾಕ ಅಂದ್ರಿ?”

ಕೆಳಗೆ ಬಿದ್ದಿದ್ದ ಪಟ್ಟಿಯೊಂದನ್ನು ನಾನು ಎತ್ತಿ ಕೊಟ್ಟೆ. “ಇರ್ಲಿ ಬಿಡ್ರಿ ಬಾಯಾರ,” ಎಂದು ಅವರು ಮುಂದಿನ ಸಸಿ ಎತ್ತಿಕೊಂಡರು. ಕಾಲೇಜಿನ ಮೇಡಂಗಳನ್ನು ಅವರು ಕರೆಯುವುದು ‘ಬಾಯಾರ’ ಎಂದು; ನನ್ನನ್ನು ಅಲ್ಲಿಯವರೆಗೆ ‘ತಂಗಿ’ ಎಂದೇ ಕರೆಯುತ್ತಿದ್ದರು.

ಮುಂದಿನ ಸಲ ನಾನೇ ಬರುತ್ತೇನೆಂದೆ. ಬೇಡವೆಂದರು. ತಿಂಗಳ ಮೇಲೆ ಗಂಡನೊಂದಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದರು. ಕಣ್ಣು ಚೆನ್ನಾಗಿ ಕಾಣುತ್ತದಂತೆ. ಇದೆಲ್ಲ ನನಗೆ ತಿಳಿದದ್ದು ಕಂಡಕ್ಟರನಿಂದ.

ಈಚೆಗೆ ಎರಡು ಸಲ ಹೆಡ್‌ಫೋನ್ ಚೀಲದಲ್ಲಿಟ್ಟು ಅವರ ಪಕ್ಕ ಹೋಗಿ ಕೂತೆ. ಸರಿದು ಜಾಗ ಕೊಟ್ಟರು. “ನಾಷ್ಟಾ ಆತೇನ್ರಿ?” ಎಂದು ಕೇಳಿದರು. ಆತು ಅಂದೆ. ಆಮೇಲೆ ಅರಭಾವಿ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತರು.