ಐದರಲ್ಲಿ ಒಂದು ಎಲೆ

ಲಾಂಗಿ ಅಜ್ಜಿಯ ಮದ್ದಿನಲ್ಲಿ ಕೆಲಸ ಮಾಡುವುದು ಆಕೆಯ ಬೈಗುಳವೇ ಎಂದು ಫೇತು ಚಿಕ್ಕಂದಿನಲ್ಲಿ ನಂಬಿದ್ದ. ಎಲೆಯ ರಸ ಹಿಂಡುತ್ತ ಅವಳು ರೋಗಿಗಳನ್ನು ಅಷ್ಟು ಬೈಯುತ್ತಿದ್ದಳು. ತನ್ನ ಮೊಣಕಾಲ ಮೇಲೆ ಕುರು ಎದ್ದಾಗ ಅವನು ಅದನ್ನೇ ನೋಡುತ್ತ ಕೂತು ಒಂದು ಗಂಟೆ ಬೈದಿದ್ದ.

ಸಾಮೋವಾದ ಆ ಹಳ್ಳಿಯಲ್ಲಿ ಅಜ್ಜಿ ಕುರುವಿನ ಮದ್ದಿಗೆಂದು ಐದು ಬಗೆಯ ಎಲೆ ಕೊಯ್ಯುತ್ತಿದ್ದಳು. ಮದ್ದಾಗುವುದು ಅವುಗಳಲ್ಲಿ ಒಂದೇ, ಉಳಿದ ನಾಲ್ಕು ನೋಡುವವರ ದಿಕ್ಕು ತಪ್ಪಿಸಲು. ಯಾವುದೆಂದು ತಿಳಿಯುವ ಹಕ್ಕು ಅವಳಿಂದ ವಿದ್ಯೆ ಪಡೆಯುವ ಒಬ್ಬರಿಗೆ ಮಾತ್ರ. ಮಕ್ಕಳಿಲ್ಲದ ಅಜ್ಜಿ ಅದನ್ನು ತಮ್ಮನ ಮೊಮ್ಮಗ ಫೇತುವಿನ ಕಿವಿಯಲ್ಲಿ ಹೇಳಿದ್ದಳು.

ಫೇತು ಈಗ ರಾಜಧಾನಿ ಆಪಿಯಾದ ಪ್ರಯೋಗಾಲಯವೊಂದರಲ್ಲಿ ಸಂಬಳಕ್ಕೆ ಗಾಜಿನ ತಟ್ಟೆ ತೊಳೆಯುತ್ತಾನೆ. ತಾನೂ ಏನೋ ಬಲ್ಲೆ ಎಂದು ತೋರಿಸಿಕೊಳ್ಳುವ ಚಪಲಕ್ಕೆ ಆ ಎಲೆಯನ್ನು ಅಲ್ಲಿಗೆ ಒಯ್ದು ಕೊಟ್ಟ. ತಟ್ಟೆಯಲ್ಲಿ ಬೆಳೆಸಿದ್ದ ಕುರುವಿನ ಬ್ಯಾಕ್ಟೀರಿಯಾ ರಸ ಬಿದ್ದ ಕಡೆ ಸತ್ತು, ದುಂಡನೆಯ ಜಾಗ ತಿಳಿಯಾಯಿತು. ಎಲೆಯ ಹೆಸರು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಹಳ್ಳಿಗೆ ಬಂದಾಗ ಆ ಪುಟವನ್ನು ಅವನು ಹೆಮ್ಮೆಯಿಂದ ಅಜ್ಜಿಗೆ ಓದಿ ಹೇಳಿದ.

“ಐದರಲ್ಲಿ ಇದೇ ಅಂತ ಅವ್ರಿಗೆ ಯಾರು ಹೇಳಿದ್ದೋ?”

“ನಾನೇ ಅಜ್ಜಿ. ನಿನ್ ಮದ್ದು ನಿಜ ಅಂತ ಗೊತ್ತಾಯ್ತಲ್ಲ!”

“ನಲವತ್ತು ವರ್ಷದಿಂದ ವಾಸಿಯಾದೋರಿಗೆ ಗೊತ್ತಿರ್ಲಿಲ್ವೇನೋ? ಇದು ಹೊರಗೆ ಹೋಗಲ್ಲ ಅಂತ ನಮ್ಮಮ್ಮಂಗೆ ಮಾತು ಕೊಟ್ಟಿದ್ದೆ ಕಣೋ ನಾನು.”

ಅಜ್ಜಿ ಎಲೆಯ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಫೇತು ಕಲಿಯಬೇಕಾದ ಮದ್ದುಗಳು ಇನ್ನೂ ಹತ್ತಾರಿದ್ದವು. ಅವನು ಕೇಳಿದ: “ಮಿಕ್ಕಿದ್ದನ್ನೆಲ್ಲ ಯಾರಿಗೆ ಹೇಳ್ಕೊಡ್ತೀಯಾ?”

“ಯಾರಿಗೂ ಇಲ್ಲ. ನನ್ ಜೊತೆ ಮಣ್ಣಿಗೆ ಹೋಗ್ಲಿ. ನೀನಂತೂ ಇನ್ಮೇಲೆ ಎಲೆ ಕೀಳೋಕೆ ಬರ್ಬೇಡ.”