ಸ್ವಂತ ಕಾರಣವೆಂದು ಬರೆದ ರಾಜೀನಾಮೆ

ರಾಜೀನಾಮೆ ಪತ್ರದಲ್ಲಿ ನಾನು ಬರೆದದ್ದು ಒಂದೇ ಸಾಲು: ‘ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ.’ ಎಲ್ಲರೂ ಹಾಗೇ ಬರೆಯುತ್ತಾರೆಂದು ಬರೆದೆ. ನೆನೆದರೆ ಇವತ್ತಿಗೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸು. ಹಲಸಿ ಕಡೆಯ ಕುರುಬರ ಮನೆಯ ಹುಡುಗಿ ನಾನು, ಬೆಳಗಾವಿಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಟೈಪಿಸ್ಟ್. ನಾನು ಒಳಗೆ ಕಾಲಿಟ್ಟರೆ ಸಾಕು, ಬರುವ ಟಪಾಲು ತೆಗೆದುಕೊಳ್ಳುವ ಆವಕ ಗುಮಾಸ್ತ ಕುರಿಯ ಹಾಗೆ ‘ಬ್ಯಾ’ ಎನ್ನುತ್ತಿದ್ದ, ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಸಾಹೇಬರಿಗೆ ಹೇಳಿದರೆ, “ಚ್ಯಾಷ್ಟಿ ಮಾಡ್ತಾರ, ಮನಸಿಗೆ ಹಚ್ಚಿಕೋಬ್ಯಾಡ” ಎಂದರು. ಎರಡು ವರ್ಷ ಹಲ್ಲು ಕಚ್ಚಿ ಸಹಿಸಿದೆ.

ಒಮ್ಮೆ ಅಪ್ಪ ಹೆಗಲಿಗೆ ಕಂಬಳಿ ಹಾಕಿಕೊಂಡು ನನ್ನನ್ನು ನೋಡಲು ಬಂದ. ಬಾಗಿಲ ಬಳಿಯ ಕುರ್ಚಿಯಲ್ಲಿ ಐದು ನಿಮಿಷ ಕೂತ. ಅವನು ಎದ್ದದ್ದೇ ತಡ, ಆ ಗುಮಾಸ್ತ ಅವನ ಕಣ್ಣೆದುರೇ ಕುರ್ಚಿಗೆ ಫಿನಾಯಿಲ್ ಸುರಿದು ಒರೆಸಿದ. ಅಪ್ಪ ಕಂಬಳಿ ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದ. ಅವತ್ತೇ ಆ ಸಾಲು ಬರೆದುಕೊಟ್ಟು ನಾನೂ ಹೊರಬಿದ್ದೆ.

ಮೂರನೇ ದಿನ ಖಾನಾಪುರ ಕೋರ್ಟಿನ ವಕೀಲರೊಬ್ಬರ ಹತ್ತಿರ ಹೋದೆ. ಜಾತಿ ದೌರ್ಜನ್ಯದ ಕಾಯ್ದೆ ನಮ್ಮ ಜಾತಿಗೆ ಅನ್ವಯಿಸುವುದಿಲ್ಲ ಎಂದರು. ಪತ್ರದ ನಕಲು ಓದಿ ಹಣೆ ಚಚ್ಚಿಕೊಂಡರು.

“ನಿನ್ನ ಕೈಯಾರ ಅವರನ್ನ ಪಾರ್ ಮಾಡೀದಿ ತಂಗೀ. ಇದನ್ನ ಹಿಡಕೊಂಡು ಲೇಬರ್ ಆಫೀಸಿಗೆ ಹೋದ್ರ, ನೀನಾಗೇ ಬಿಟ್ಟೀಯಲ್ಲ ಅಂತಾರ. ರಾಜೀನಾಮೆ ಮಂಜೂರಾಗೇತೇನು?”

“ಇನ್ನೂ ಕಾಗದ ಬಂದಿಲ್ರಿ.”

“ಹಂಗಾದ್ರ ಇವತ್ತೇ ವಾಪಸ್ ತಗೋ. ಖರೇ ಕಾರಣ ಬರಿ, ಹೆಸರು ಹಾಕಿ ಬರಿ. ನಕಲಿನ ಮ್ಯಾಲ ಕಾಗದ ಮುಟ್ಟೇತಿ ಅಂತ ಅವರ ಶಿಕ್ಕಾ ಹಾಕಿಸ್ಕೊಂಡು ಬಾ. ಆಮ್ಯಾಲ ಅವರು ಕೆಲಸದಿಂದ ತಗದ್ರ ಕೇಸ್ ಹಾಕಾಕ ಬರತೈತಿ.”

ಅಲ್ಲೇ ಕೂತು ಹೊಸ ಪತ್ರ ಬರೆದು, ಮಧ್ಯಾಹ್ನದ ಬಸ್ಸಿಗೇ ಬೆಳಗಾವಿಗೆ ಹೊರಟೆ. ಕಚೇರಿಗೆ ಬರುವ ಕಾಗದಗಳಿಗೆಲ್ಲ ಶಿಕ್ಕಾ ಒತ್ತುವವನು ಅದೇ ಗುಮಾಸ್ತ. ಪತ್ರವನ್ನು ಅವನ ಮುಂದಿಟ್ಟೆ. ಓದುತ್ತ ಓದುತ್ತ ಅವನ ಮುಖ ಇಳಿಯಿತು.

“ನನ್ನ ಹೆಸರು ಯಾಕ ಹಾಕೀರಿ ಬಾಯಾರ? ನಾ ಚ್ಯಾಷ್ಟಿ ಮಾಡಿದ್ನಿ.”

ಎರಡು ವರ್ಷದಲ್ಲಿ ಅವನ ಬಾಯಿಂದ ‘ಬಾಯಾರ’ ಎಂಬ ಮರ್ಯಾದೆಯ ಮಾತು ಕೇಳಿದ್ದು ಅದೇ ಮೊದಲು.

“ಶಿಕ್ಕಾ ಹಾಕ್ರಿ,” ಎಂದೆ.

ಸಾಹೇಬರನ್ನು ಕೇಳಬೇಕೆಂದು ಒಳಗೆ ಹೋದ. ನಾನು ಬಾಗಿಲ ಬಳಿಯ ಆ ಕುರ್ಚಿಯಲ್ಲೇ ಕೂತೆ. ಗುಮಾಸ್ತ ಹೊರಬಂದು ಶಿಕ್ಕಾ ಬಿದ್ದ ನಕಲು ಕೈಗೆ ಕೊಡುವವರೆಗೆ ಏಳಲಿಲ್ಲ. ಆಮೇಲೆ ಎದ್ದು ಕುರ್ಚಿಯನ್ನು ಅವನತ್ತ ತಳ್ಳಿದೆ.

“ಒರಸ್ರಿ ಈಗ.”